ಹಕ್ಕಿ ಜ್ವರಕ್ಕೆ ಹೆದರಿ ಬೆಕ್ಕನ್ನು ಊರಾಚೆ ಬಿಡಬೇಕಾ?

"ಮನೆಯಲ್ಲಿ ಎರಡು ವರ್ಷದ ಮಗು ಇದೆ. ಹಕ್ಕಿ ಜ್ವರದ ಸುದ್ದಿ ಕೇಳಿ, ಬೆಕ್ಕನ್ನು ಗೋಣಿಚೀಲಕ್ಕೆ ಹಾಕಿ ದೂರ ಬಿಟ್ಟು ಬಾ ಅಂತ ಅತ್ತೆ ಹಟ ಹಿಡಿದಿದ್ದಾರೆ. ನಿಜವಾಗಿ ಅಪಾಯ ಇದೆಯಾ?" ಅಂತ ಅರಸೀಕೆರೆಯಿಂದ ಕೇಳಿದ್ದೀರಿ.

ಬಿಡಬೇಡಿ. ನಾನು ಡಾಕ್ಟರಲ್ಲ, ಬೇಲೂರಿನ ಹತ್ತಿರ ಹದಿನೈದು ನಾಟಿ ಕೋಳಿ, ಎರಡು ಬೆಕ್ಕು, ಒಂದು ನಾಯಿ ಸಾಕಿಕೊಂಡಿರೋಳು. 2025ರಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಕಡೆ ಹಕ್ಕಿ ಜ್ವರ ಕಾಣಿಸಿಕೊಂಡಾಗ ನಮ್ಮನೇಲೂ ಇದೇ ಗೋಣಿಚೀಲದ ಮಾತು ಎದ್ದಿತ್ತು.

ಹಾಗಂತ ನಿಮ್ಮತ್ತೆ ಹೆದರಿದ್ದು ಸುಮ್ಮನೆ ಅಲ್ಲ. ಎಚ್5ಎನ್1 ಅನ್ನೋ ಈ ವೈರಸ್ ಬೆಕ್ಕಿಗೆ ತಗುಲಿದರೆ ಬಹಳ ಸಲ ಉಳಿಸೋದಿಲ್ಲ. 2023ರಲ್ಲಿ ಪೋಲೆಂಡಿನಲ್ಲಿ ಮನೆಬೆಕ್ಕುಗಳು ಸತ್ತವು. 2025ರ ಜನವರಿಯಲ್ಲಿ ನಮ್ಮ ದೇಶದಲ್ಲೇ, ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಸಾಕುಬೆಕ್ಕುಗಳಲ್ಲಿ ಸಿಕ್ಕಿತು. ನಾಯಿಗಳಿಗೆ ಬರೋದು ಅಪರೂಪ. ಕೆನಡಾದಲ್ಲಿ ಸತ್ತ ಕಾಡುಬಾತನ್ನು ಕಚ್ಚಿದ ನಾಯಿಯೊಂದು ಸತ್ತಿತ್ತು.

ಆದರೆ ಬೆಕ್ಕಿಗೆ ಅದು ಬರೋದು ಎಲ್ಲಿಂದ ಅಂತ ನೋಡಿ. ಸತ್ತ ಹಕ್ಕಿ, ಹಸಿ ಮಾಂಸ, ಹಸಿ ಹಾಲು. ಅಮೆರಿಕದಲ್ಲಿ 2024ರಲ್ಲಿ ಹಸುಗಳಿಗೇ ಈ ಸೋಂಕು ತಗುಲಿ, ಅವುಗಳ ಹಸಿ ಹಾಲು ಕುಡಿದ ಕೊಟ್ಟಿಗೆ ಬೆಕ್ಕುಗಳು ಸತ್ತವು. ನಮ್ಮಲ್ಲಿ ಹಾಲು ಕರೆಯುವಾಗ ಬೆಕ್ಕಿಗೊಂದು ಚಿಪ್ಪು ನೊರೆಹಾಲು ಸುರಿಯೋ ಅಭ್ಯಾಸ ಇದೆಯಲ್ಲ, ನಾನು ಅದನ್ನೂ ನಿಲ್ಲಿಸಿದೆ. ಅದಕ್ಕಿಂತ ಮುಖ್ಯ, ಕೋಳಿ ಅಂಗಡಿಯಿಂದ ಕವರಿನಲ್ಲಿ ಪುಕ್ಕಟೆ ತರೋ ಕರುಳು, ತಲೆ, ಕಾಲು. ನಾನೇ ವರ್ಷಗಟ್ಟಲೆ ಹಸಿಯಾಗೇ ಹಾಕಿದ್ದೀನಿ. ಈಗ ಕುದಿಸಿ ಹಾಕ್ತೀನಿ. ಚೆನ್ನಾಗಿ ಬೆಂದರೆ ವೈರಸ್ ಉಳಿಯಲ್ಲ, ನೀವು ತಿನ್ನೋ ಸಾರಿಗೂ ಇದೇ ಲೆಕ್ಕ. ಫ್ರಿಜ್ಜಿನಲ್ಲಿಟ್ಟರೆ ಮಾತ್ರ ಅದು ಸಾಯೋದಿಲ್ಲ.

ಮಗುವಿನ ವಿಷಯ. ಬೆಕ್ಕಿನಿಂದ ಮನುಷ್ಯರಿಗೆ ಹಕ್ಕಿ ಜ್ವರ ಬರೋದು ತೀರಾ ಅಪರೂಪ. 2016ರಲ್ಲಿ ನ್ಯೂಯಾರ್ಕಿನಲ್ಲಿ ಬೆಕ್ಕುಗಳಿಗೆ ಚಿಕಿತ್ಸೆ ಕೊಡ್ತಿದ್ದ ಪಶುವೈದ್ಯರೊಬ್ಬರಿಗೆ ತಗುಲಿತ್ತು, ಅದೂ ಎಚ್7ಎನ್2 ಅನ್ನೋ ಬೇರೆ ತಳಿ, ಸಣ್ಣದರಲ್ಲೇ ಹೋಯಿತು. ಆಂಧ್ರದ ಪಲ್ನಾಡಿನಲ್ಲಿ 2025ರ ಮಾರ್ಚಿನಲ್ಲಿ ಹಕ್ಕಿ ಜ್ವರದಿಂದ ತೀರಿಕೊಂಡ ಎರಡು ವರ್ಷದ ಮಗು ಹಸಿ ಕೋಳಿ ತುಂಡು ಬಾಯಿಗೆ ಹಾಕಿಕೊಂಡಿತ್ತು ಅಂತ ಮನೆಯವರು ಹೇಳಿದ್ದರು. ಹಾಗಾಗಿ ಅತ್ತೆ ಕೋಳಿ ಹೆಚ್ಚುವಾಗ ಮಗುವನ್ನು ಆಚೆ ಕರೆದುಕೊಂಡು ಹೋಗಿ. ಬೆಕ್ಕನ್ನು ಓಡಿಸೋದಕ್ಕಿಂತ ಅದು ಮೇಲು.

ಹಿತ್ತಿಲಲ್ಲಿ ಕೋಳಿ ಸತ್ತರೆ ನಮ್ಮ ಕಡೆ "ಕೊಕ್ಕರೆ ರೋಗ" ಅಂದು ತಿಪ್ಪೆಗೆ ಎಸೀತಾರೆ. ಕೊಕ್ಕರೆ ರೋಗ ಕೋಳಿಗಳಿಗೆ ಬರೋ ಬೇರೆಯದೇ ರೋಗ, ಬೆಕ್ಕಿಗೇನೂ ಮಾಡಲ್ಲ, ನಮಗೂ ಬಂದರೆ ಕಣ್ಣು ಕೆಂಪಾದೀತು ಅಷ್ಟೆ. ತೊಂದರೆ ಏನಂದ್ರೆ, ಕಣ್ಣಲ್ಲಿ ನೋಡಿ ಇದು ಅದೋ ಹಕ್ಕಿ ಜ್ವರವೋ ಅಂತ ಹೇಳೋಕಾಗಲ್ಲ, ಲ್ಯಾಬಿಗೇ ಹೋಗಬೇಕು. ಎರಡು ಮೂರು ಕೋಳಿ ಒಟ್ಟಿಗೆ ಬಿದ್ದರೆ ಮುಟ್ಟದೆ, ಬೆಕ್ಕು ನಾಯಿಗಳನ್ನು ಕಟ್ಟಿಹಾಕಿ, ಪಶು ಆಸ್ಪತ್ರೆಗೆ ತಿಳಿಸಿ.

ಬೆಕ್ಕು ಊಟ ಬಿಟ್ಟು, ಮೈ ಬಿಸಿಯಾಗಿ, ಏದುಸಿರು ಬಿಟ್ಟರೆ, ತೂರಾಡಿದರೆ, ಫಿಟ್ಸ್ ಬಂದರೆ ತಡಮಾಡಬೇಡಿ. ಬರೀ ಕೈಯಲ್ಲಿ ಎತ್ತದೆ, ಮೂಗು ಬಾಯಿ ಮುಚ್ಚಿಕೊಂಡು, ಹೋಗೋ ಮುಂಚೆ ಡಾಕ್ಟರಿಗೆ ಫೋನ್ ಮಾಡಿ, ಅದು ಸತ್ತ ಹಕ್ಕಿ ತಿಂದಿದ್ದರೆ ಅದನ್ನೂ ಹೇಳಿ. ಪಶು ಸಹಾಯವಾಣಿ 1962ಕ್ಕೂ ಕರೆ ಮಾಡಬಹುದು, ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೂ ಇದೆ. ಆಮೇಲೆ ನಿಮಗೆ ಜ್ವರವೋ ಕಣ್ಣುರಿಯೋ ಬಂದರೆ ನಿಮ್ಮ ಡಾಕ್ಟರಿಗೂ ಬೆಕ್ಕಿನ ಕತೆ ಹೇಳಿ.

ಕುದಿಸಿದ ಕೋಳಿ ಕಾಲನ್ನು ನಮ್ಮ ಬೆಕ್ಕು ಮೂರು ದಿನ ಮೂಸಿ ಬಿಟ್ಟಿತು. ನಾಲ್ಕನೇ ದಿನ ಆ ನೀರಲ್ಲೇ ಒಂದು ಹಿಡಿ ಅನ್ನ ಕಲಸಿ ಇಟ್ಟೆ, ತಿಂತು.