ಅತಿಥಿ ಬಂದಾಗ ಏನು ಕೇಳೋದು?

ಪ್ರಶ್ನೆ: ಮೇಡಂ, ನಾನು ಮೆಕ್ಯಾನಿಕಲ್ ಮೂರನೇ ವರ್ಷದಲ್ಲಿದ್ದೇನೆ. ವಾಹನ, ವಿಮಾನಗಳ ವಿನ್ಯಾಸದ ಬಗ್ಗೆ ಮಾತಾಡಲು ಕಾಲೇಜಿಗೆ ಹೊರಗಿನವರನ್ನು ಕರೆಸುತ್ತಾರೆ. ಒಂದು ಗಂಟೆ ಸ್ಲೈಡ್ ಓಡುತ್ತದೆ. ಕೊನೆಗೆ "ಏನಾದರೂ ಪ್ರಶ್ನೆ?" ಅಂದರೆ ಒಬ್ಬರೂ ಬಾಯಿ ಬಿಡುವುದಿಲ್ಲ. ನಾನು ಹತ್ತರವರೆಗೆ ಕನ್ನಡ ಮೀಡಿಯಂ. ಇಂಗ್ಲಿಷಿನಲ್ಲಿ ಕೇಳಲು ಮುಜುಗರ. ಕೇಳಿದರೂ ಏನು ಕೇಳಬೇಕು?
– ವಿದ್ಯಾರ್ಥಿ, ನೀರ್ಚಾಲು

ಉತ್ತರ: ವಿಮಾನ ಕಾರ್ಖಾನೆಯ ಕೆಲಸದಿಂದ ನಿವೃತ್ತಳಾದ ಮೇಲೆ ನಾನೂ ಇಂಥ ಉಪನ್ಯಾಸಗಳಿಗೆ ಹೋಗುತ್ತಿರುತ್ತೇನೆ. ಆ ಮೌನ ನಮಗೂ ಕಸಿವಿಸಿಯೇ. ಆಮೇಲೆ ಯಾರೋ ಒಬ್ಬರು ಎದ್ದು "ಈ ಫೀಲ್ಡಿಗೆ ಸ್ಕೋಪ್ ಹೇಗಿದೆ?" ಅನ್ನುತ್ತಾರೆ. ದಯವಿಟ್ಟು ಅದನ್ನು ಕೇಳಬೇಡಿ. ಅದಕ್ಕೆ ಸಿಗುವುದು ಸುಮ್ನೆ ಒಂದು ಹುರುಪಿನ ಮಾತು.

"ಇದನ್ನು ಮಾಡುವಾಗ ಏನನ್ನು ಬಿಟ್ಟುಕೊಟ್ಟಿರಿ?" ಅಂತ ಕೇಳಿ. ವಿನ್ಯಾಸ ಅಂದರೆ ಅರ್ಧಕ್ಕರ್ಧ ಚೌಕಾಸಿ. 2008ರಲ್ಲಿ ಟಾಟಾ ನ್ಯಾನೋ ಕಾರನ್ನು ಜನರಿಗೆ ತೋರಿಸಿದರಲ್ಲ, ಅದರ ಚಕ್ರಕ್ಕೆ ಮೂರೇ ನಟ್. ಮುಂದೆ ಒಂದೇ ವೈಪರ್. ಮೊದಲ ಮಾದರಿಯಲ್ಲಿ ಹಿಂಬದಿಯ ಡಿಕ್ಕಿ ಬಾಗಿಲು ತೆರೆಯುತ್ತಲೇ ಇರಲಿಲ್ಲ. "ಮೂರು ನಟ್ ಸಾಕು ಅಂತ ಹೇಗೆ ತೀರ್ಮಾನಿಸುತ್ತಾರೆ ಸರ್?" ಅಂದರೆ ಕಾರು ಕಂಪನಿಯಿಂದ ಬಂದವರು ಸ್ಲೈಡ್ ಬಿಟ್ಟು ಬೋರ್ಡಿನ ಹತ್ತಿರ ಹೋಗುತ್ತಾರೆ. ಕಾರಿನ ತೂಕ, ಬ್ರೇಕಿನ ಬಲ, ನಟ್ಟಿನ ಬಿಗಿ, ಎಲ್ಲ ಲೆಕ್ಕವೂ ಹೊರಗೆ ಬರುತ್ತದೆ.

ವಿಮಾನದವರು ಬಂದರೆ ಮಾರುತ್ ಬಗ್ಗೆ ಕೇಳಿ. ಜರ್ಮನಿಯ ಕುರ್ಟ್ ಟ್ಯಾಂಕ್ ಮುಂದಾಳುತನದಲ್ಲಿ ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ಯುದ್ಧವಿಮಾನ ಅದು. ಮೊದಲು ಪೂರ್ತಿ ಅಳತೆಯ ಮರದ ಗ್ಲೈಡರ್ ಮಾಡಿ 1959ರಲ್ಲಿ ಹಾರಿಸಿ ನೋಡಿದರು. ನಿಜವಾದ ವಿಮಾನ ಹಾರಿದ್ದು 1961ರ ಜೂನ್ 17ರಂದು. ಒಡಲು ಚೆನ್ನಾಗಿತ್ತು. ಆದರೆ ಅದಕ್ಕೆಂದು ನೆಚ್ಚಿಕೊಂಡಿದ್ದ ಹೆಚ್ಚು ಶಕ್ತಿಯ ಎಂಜಿನ್ ಕೈಗೆ ಬರಲೇ ಇಲ್ಲ. ಇದ್ದ ಆರ್ಫಿಯಸ್ ಎಂಜಿನ್ನಿನಲ್ಲೇ ದಿನ ದೂಡಬೇಕಾಯಿತು. "ಎಂಜಿನ್ ಸಿಗದಿದ್ದರೆ ಒಡಲು ಮಾಡಿದವರು ಏನು ಮಾಡಬಹುದು?" ಎಂಬ ಪ್ರಶ್ನೆಗೆ ಒಂದು ಗಂಟೆ ಸಾಲದು.

ಇಷ್ಟು ದೂರ ಹೋಗುವುದೂ ಬೇಡ. ಕಾಸರಗೋಡು–ಪುತ್ತೂರು ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಸೊಂಟ ಹಿಡಿಸಿಕೊಂಡಿದ್ದೀರಿ ತಾನೇ? ಆ ಸೀಟು ಹಿಂದಿನ ಆಕ್ಸಲ್‌ನಿಂದ ಎಷ್ಟು ಹಿಂದಿದೆ ನೋಡಿ. ಹೊಂಡಕ್ಕೆ ಚಕ್ರ ಬಿದ್ದು ಎದ್ದಾಗ ಬಸ್ಸಿನ ಬಾಲ ಚಕ್ರಕ್ಕಿಂತ ಹೆಚ್ಚು ಎತ್ತರಕ್ಕೆ ಹಾರುತ್ತದೆ. ಹಾಗಿದ್ದರೆ ಬಾಲ ಎಷ್ಟು ಉದ್ದ ಇರಬಹುದು? ವೀಲ್‌ಬೇಸಿನ, ಅಂದರೆ ಮುಂದಿನ ಹಿಂದಿನ ಆಕ್ಸಲ್‌ಗಳ ನಡುವಿನ ದೂರದ, ಶೇ. 60ನ್ನು ಮೀರಬಾರದು ಅಂತ ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. ಸಸ್ಪೆನ್ಷನ್ ಬಗ್ಗೆ ಮಾತಾಡಲು ಬಂದವರಿಗೆ ನಿಮ್ಮ ಸೊಂಟದ ದೂರನ್ನೇ ಪ್ರಶ್ನೆ ಮಾಡಿ ಕೊಡಿ.

ಇನ್ನು ಭಾಷೆ. ಬೆಂಗಳೂರಿನಿಂದ ಬಂದವರಿಗೆ ಕನ್ನಡ ಗೊತ್ತಿರುವುದೇ ಜಾಸ್ತಿ. ಗೊತ್ತಿಲ್ಲದಿದ್ದರೆ ಪಕ್ಕದವನು ಇಂಗ್ಲಿಷಿನಲ್ಲಿ ಹೇಳಲಿ. ಮನೆಯಲ್ಲಿ ತುಳು, ಅಂಗಡಿಯಲ್ಲಿ ಮಲಯಾಳಂ, ಶಾಲೆಯಲ್ಲಿ ಕನ್ನಡ ಅಂತ ಬೆಳೆದ ನಮ್ಮೂರ ಮಕ್ಕಳು ಭಾಷೆಗೆ ಹೆದರುವುದು ನನಗೆ ಇವತ್ತಿಗೂ ಸೋಜಿಗ.

ಪ್ರಶ್ನೆ: ನಮ್ಮ ವಿಭಾಗದ ಉಪನ್ಯಾಸಗಳನ್ನು ಏರ್ಪಡಿಸುವ ಹೊಣೆ ನನ್ನದು. ದೊಡ್ಡ ಹೆಸರಿನವರು ಈ ಮೂಲೆಗೆ ಬರಲು ಒಪ್ಪುವುದಿಲ್ಲ. ಯಾರನ್ನು ಕರೆಯಲಿ?
– ಅಧ್ಯಾಪಕರು, ಕುಂಬಳೆ

ಉತ್ತರ: ದೊಡ್ಡ ಹೆಸರು ಬಿಡಿ. ಬಸ್ ಬಾಡಿ ಕಟ್ಟುವ ವರ್ಕ್‌ಶಾಪಿನ ಮೇಸ್ತ್ರಿಯನ್ನು ಕರೆಯಿರಿ. ಯಾವ ಬೆಸುಗೆ ಮೊದಲು ಬಿಡುತ್ತದೆ ಅಂತ ಅವರಷ್ಟು ಚೆನ್ನಾಗಿ ಹೇಳುವವರು ಅಪರೂಪ. ಯಾರೇ ಬರಲಿ, ಕೈಯಲ್ಲಿ ಒಂದು ಬಿಡಿಭಾಗ ಹಿಡಿದು ಬರಲಿ ಅಂತ ಮೊದಲೇ ಕೇಳಿಕೊಳ್ಳಿ.

ನಾನು ಅಂಗೈಯಗಲದ ಅಲ್ಯೂಮಿನಿಯಂ ತಗಡೊಂದನ್ನು ಒಯ್ಯುತ್ತೇನೆ. ರಿವೆಟ್ ತೂತಿನಿಂದ ಹೊರಟ ಕೂದಲೆಳೆಯಂಥ ಬಿರುಕು ಅದರಲ್ಲಿದೆ. ಉಗುರು ಎಳೆದರೆ ತಾಗುತ್ತದೆ, ಕಣ್ಣಿಗೆ ಬೇಗ ಕಾಣುವುದಿಲ್ಲ. ಬಿರುಕಿನ ತುದಿಯಲ್ಲಿ ಡ್ರಿಲ್ ಹಾಕಿದ ಒಂದು ದುಂಡನೆಯ ತೂತು. ಬಿರುಕು ನಿಲ್ಲಿಸಲು ಇನ್ನೊಂದು ತೂತೇ? ಹುಡುಗರು ನಗುತ್ತಾರೆ. ಚೂಪಾದ ತುದಿಯಲ್ಲಿ ಒತ್ತಡ ಗುಂಪುಗೂಡುತ್ತದೆ, ದುಂಡಾದರೆ ಹರಡಿಕೊಳ್ಳುತ್ತದೆ. ತಾತ್ಕಾಲಿಕ ಉಪಾಯ ಅನ್ನಿ, ಆದರೆ ಕೆಲಸ ಮಾಡುತ್ತದೆ.

ತಗಡು ಬೆಂಚಿನಿಂದ ಬೆಂಚಿಗೆ ಹೋಗುತ್ತಿರುವಾಗಲೇ ಕಾಮೆಟ್ ಎಂಬ ಬ್ರಿಟಿಷ್ ಜೆಟ್ ಪ್ರಯಾಣಿಕ ವಿಮಾನದ ಕಥೆ ಹೇಳುತ್ತೇನೆ. 1954ರ ಜನವರಿ ಮತ್ತು ಏಪ್ರಿಲ್‌ನಲ್ಲಿ ಎರಡು ಕಾಮೆಟ್‌ಗಳು ಆಕಾಶದಲ್ಲೇ ಒಡೆದು ಸಮುದ್ರಕ್ಕೆ ಬಿದ್ದವು. ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಇಡೀ ಒಡಲನ್ನು ನೀರಿನ ತೊಟ್ಟಿಯಲ್ಲಿಟ್ಟು, ಒಳಗೂ ನೀರು ತುಂಬಿ, ಪ್ರತಿ ಹಾರಾಟದಲ್ಲೂ ಆಗುವಂತೆ ಒತ್ತಡ ಏರಿಸಿ ಇಳಿಸಿ ನೋಡಿದರು. ಗಾಳಿ ತುಂಬಿದ್ದರೆ ಒಡೆದಾಗ ಸಿಡಿದು ಚೂರಾಗುತ್ತಿತ್ತು, ಸುಳಿವು ಅಳಿಸಿಹೋಗುತ್ತಿತ್ತು. ಆ ವಿಮಾನದ ಹಳೆಯ ಹಾರಾಟಗಳನ್ನೂ ಸೇರಿಸಿ ಇಂಥ 3,000 ಚಿಲ್ಲರೆ ಏರಿಳಿತಗಳಾದಾಗ ಒಡಲು ಹರಿಯಿತು, ಅದೂ ಬದಿಯಲ್ಲಿ ಕೊರೆದ ಒಂದು ಕಂಡಿಯ ಮೂಲೆಯಿಂದ. ಇಷ್ಟು ಹೇಳುವ ಹೊತ್ತಿಗೆ ಹಿಂದಿನ ಬೆಂಚಿನವರ ಮೊಬೈಲೂ ಜೇಬು ಸೇರಿರುತ್ತದೆ.

ಪ್ರಶ್ನೆ: ಇಂಥ ಒಂದು ಉಪನ್ಯಾಸ ಕೇಳಿ ಬಂದ ಮಗಳು, ಪ್ಲಸ್ ಟು ಮುಗಿಸಿ ವಿಮಾನದ ಕೋರ್ಸೇ ಬೇಕು ಅನ್ನುತ್ತಾಳೆ. ಏಜೆಂಟರೊಬ್ಬರು "ಎಎಂಇ ಮಾಡಿಸಿ, ಎರಡೂ ಒಂದೇ" ಅಂದರು. ಹೌದೇ?
– ತಂದೆ, ಪೆರ್ಲ

ಉತ್ತರ: ಅಲ್ಲವೇ ಅಲ್ಲ. ಎಎಂಇ ಅಂದರೆ ವಿಮಾನವನ್ನು ಪರೀಕ್ಷಿಸಿ, ರಿಪೇರಿ ಮಾಡಿ, ಹಾರಲು ಯೋಗ್ಯ ಎಂದು ಸಹಿ ಹಾಕುವ ಕೆಲಸ. ಅದಕ್ಕೆ ನಾಗರಿಕ ವಿಮಾನಯಾನದ ಮೇಲೆ ನಿಗಾ ಇಡುವ ಸರ್ಕಾರಿ ಇಲಾಖೆಯಾದ ಡಿಜಿಸಿಎಯ ಲೈಸೆನ್ಸ್ ಬೇಕು. ಸೇರುವ ಮೊದಲು ಕೋರ್ಸ್ ನಡೆಸುವ ಸಂಸ್ಥೆಗೆ ಡಿಜಿಸಿಎ ಮಾನ್ಯತೆ ಇದೆಯೇ ಅಂತ ನೀವೇ ನೋಡಿ. ಏಜೆಂಟರ ಮಾತು ಸಾಲದು. ಏರೋನಾಟಿಕಲ್ ಎಂಜಿನಿಯರಿಂಗ್ ವಿನ್ಯಾಸದ ಪದವಿ. ಎರಡೂ ಮರ್ಯಾದೆಯ ಕೆಲಸಗಳೇ, ದಾರಿ ಬೇರೆ. ಮಗಳಿಗೆ ಗೊಂದಲ ಇದ್ದರೆ ಮೆಕ್ಯಾನಿಕಲ್ ಓದಲಿ. ಆಮೇಲೆ ಎಂಜಿನಿಯರಿಂಗ್ ಸ್ನಾತಕೋತ್ತರ ಪ್ರವೇಶಕ್ಕಿರುವ ಗೇಟ್ ಪರೀಕ್ಷೆ ಬರೆದು ವಿಮಾನದ ಕಡೆ ಹೊರಳಬಹುದು.

ಪ್ರಶ್ನೆ: ತೇಜಸ್ ವಿಮಾನದ ಬಾಲದಲ್ಲಿ ಸಣ್ಣ ಅಡ್ಡ ರೆಕ್ಕೆ ಯಾಕಿಲ್ಲ?
– ಒಂಬತ್ತನೇ ತರಗತಿ, ಮಂಜೇಶ್ವರ

ಉತ್ತರ: ಆ ಕೆಲಸವನ್ನು ದೊಡ್ಡ ರೆಕ್ಕೆಯೇ ಮಾಡುತ್ತದೆ ಮಗೂ. ತ್ರಿಕೋನ ರೆಕ್ಕೆಯ ಹಿಂದಿನ ಅಂಚಿನಲ್ಲಿ ಮೇಲೆ ಕೆಳಗೆ ಆಡುವ ಹಲಗೆಗಳಿವೆ. ಎರಡೂ ಕಡೆಯವು ಒಟ್ಟಿಗೆ ಎದ್ದರೆ ಮೂಗು ಮೇಲೇಳುತ್ತದೆ. ಒಂದು ಎದ್ದು ಇನ್ನೊಂದು ಇಳಿದರೆ ವಿಮಾನ ಹೊರಳುತ್ತದೆ. ಬೇಗ ತಿರುಗಲಿ ಅಂತ ಅದನ್ನು ಬೇಕೆಂದೇ ಸ್ವಲ್ಪ ಅಸ್ಥಿರವಾಗಿ ಮಾಡಿದ್ದಾರೆ. ಹಾಗಾಗಿ ಕಂಪ್ಯೂಟರ್ ಕ್ಷಣಕ್ಷಣವೂ ಅದನ್ನು ಹದದಲ್ಲಿ ಇಡುತ್ತಿರಬೇಕು. ರಟ್ಟಿನಲ್ಲಿ ಮಾಡಿ ನೋಡು, ಹಿಂದಿನ ಅಂಚನ್ನು ತುಸು ಮೇಲಕ್ಕೆ ಮಡಚಿ ಎಸೆ.