ಹೊರದೇಶದ ಸಂಬಳ ಮತ್ತು ದ್ರವ್ಯಾಶೆ: ಹೊಸದಾಗಿ ಬಂದ ಸಹೋದರರಿಗೆ ಉತ್ತರ

ಬ್ರದರ್, ವಂದನೆಗಳು.

ನೀವು ಬರೆದದ್ದರ ತಿರುಳು ಇಷ್ಟು. ಹೊರದೇಶಕ್ಕೆ ಬಂದು ಇನ್ನೂ ವರ್ಷ ತುಂಬಿಲ್ಲ, ಸಂಬಳ ಚೆನ್ನಾಗಿದೆ, ಆದರೆ ಮೊದಲು ಇಲ್ಲದಿದ್ದ ದುಡ್ಡಿನ ಹಪಾಹಪಿ ಹಿಡಿದುಕೊಂಡಿದೆ. ಆರಾಧನೆ ಬಿಟ್ಟು ಭಾನುವಾರವೂ ಓವರ್‌ಟೈಮ್. ಜೊತೆಯಲ್ಲಿ ಬಂದವರು ಮನೆ ಕೊಂಡರೆಂದು ಕೇಳಿ ಹೊಟ್ಟೆ ಉರಿಯಿತು. ಟೈಮ್‌ಶೀಟಿನಲ್ಲಿ ಒಂದಷ್ಟು ಗಂಟೆ ಜಾಸ್ತಿ ಬರೆದದ್ದೂ ಇದೆ. ಪ್ರಾರ್ಥಿಸಿದರೂ ಹೋಗುತ್ತಿಲ್ಲ; ಇಲ್ಲಿಗೆ ಬಂದವರಿಗೆಲ್ಲ ಹೀಗೇ ಆಗುತ್ತದಾ, ಬಿಡುಗಡೆ ಹೇಗೆ ಅಂತ ಕೇಳಿದ್ದೀರಿ.

ಹೆಚ್ಚುಕಡಿಮೆ ಎಲ್ಲರಿಗೂ ಆಗುತ್ತದೆ. ವೀಸಾ ಮುಂದುವರಿಯದಿದ್ದರೆ? ಕೆಲಸ ಹೋದರೆ? ಹಾಸಿಗೆ ಹಿಡಿದರೆ ನೋಡಿಕೊಳ್ಳುವವರು ಯಾರು? ಈ ಭಯಗಳೇನೂ ಸುಳ್ಳಲ್ಲ. ತೊಂದರೆ ಏನೆಂದರೆ, ಆ ಭಯದ ನೆರಳಿನಲ್ಲೇ ಲೋಭ ಬೆಳೆಯುತ್ತದೆ, ಮತ್ತು ತನ್ನನ್ನು 'ಜವಾಬ್ದಾರಿ' ಅಂತ ಪರಿಚಯ ಮಾಡಿಕೊಳ್ಳುತ್ತದೆ. ಜವಾಬ್ದಾರಿಗಾಗಿ ಯಾರು ಪಶ್ಚಾತ್ತಾಪ ಪಡುತ್ತಾರೆ? ವ್ಯಭಿಚಾರ, ಕುಡಿತ ಅಂತ ಪಾಪ ಒಪ್ಪಿಕೊಳ್ಳುವವರು ಸಿಗುತ್ತಾರೆ. 'ನಾನು ಲೋಭಿ' ಅಂತ ಸಭಾಪಾಲಕರ ಮುಂದೆ ಹೇಳುವವರು ಅಪರೂಪ. ನೀವು ಹೇಳಿದ್ದೀರಿ. ಅರ್ಧ ಕೆಲಸ ಅಲ್ಲೇ ಆಯಿತು.

ಭಯ ಯಾವುದು, ಲೋಭ ಯಾವುದು ಅಂತ ಬೇರೆ ಮಾಡಲು ಒಂದು ಸುಲಭದ ಪರೀಕ್ಷೆ ಇದೆ. ನಿಜವಾದ ಅಗತ್ಯಕ್ಕೆ ಒಂದು ಅಂಕಿ ಇರುತ್ತದೆ: ಆರು ತಿಂಗಳ ಖರ್ಚು, ಇಷ್ಟು ಸಾಲ, ಅಪ್ಪ ಅಮ್ಮನಿಗೆ ತಿಂಗಳಿಗೆ ಇಷ್ಟು. ಅಂಕಿ ಮುಟ್ಟಿದ ದಿನ ಮನಸ್ಸು ನಿಲ್ಲುತ್ತದೆ. ಲೋಭದ ಅಂಕಿ ಮುಟ್ಟುವ ಹೊತ್ತಿಗೆ ಮುಂದಕ್ಕೆ ಸರಿದಿರುತ್ತದೆ. ಲೂಕ 12ರಲ್ಲಿ ಯೇಸು ಹೇಳಿದ ಐಶ್ವರ್ಯವಂತನನ್ನು ಗಮನಿಸಿ. ಅವನು ಕಳ್ಳನಲ್ಲ, ಯಾರಿಗೂ ಮೋಸ ಮಾಡಿಲ್ಲ, ಭೂಮಿ ಚೆನ್ನಾಗಿ ಬೆಳೆದಿದೆ, ಅದನ್ನು ತುಂಬಿಡಲು ದೊಡ್ಡ ಹೊಸ ಕಣಜ ಕಟ್ಟಲು ಹೊರಟಿದ್ದಾನೆ ಅಷ್ಟೆ. ಆದರೆ ನನ್ನ ಬೆಳೆ, ನನ್ನ ಕಣಜ, ನನ್ನ ಸರಕು, ನನ್ನ ಜೀವ ಅಂತ ಪೂರ್ತಿ ಮಾತುಕತೆ ತನ್ನೊಂದಿಗೇ ನಡೆಯುತ್ತದೆ. ದೇವರೂ ಇಲ್ಲ, ನೆರೆಯವನೂ ಇಲ್ಲ. ಆ ಸಾಮ್ಯ ಹುಟ್ಟಿದ್ದೂ ಅಣ್ಣತಮ್ಮಂದಿರ ಆಸ್ತಿ ಪಾಲಿನ ಜಗಳದಿಂದ.

ಪ್ರಾರ್ಥಿಸಿದರೂ ಹೋಗುತ್ತಿಲ್ಲ ಅಂದಿರಲ್ಲ, ಅದಕ್ಕೆ ಎರಡು ಕಾರಣ ಇರುತ್ತವೆ. ಒಂದು, ಪ್ರಾರ್ಥನೆ ಮೊಗಮ್ಮಾಗಿರುತ್ತದೆ. 'ಕರ್ತನೇ, ನನ್ನ ಪಾಪಗಳನ್ನು ಕ್ಷಮಿಸು' ಅಂದರೆ ಯಾವ ಪಾಪವೂ ಅಲ್ಲಿ ಸಿಕ್ಕಿಬೀಳುವುದಿಲ್ಲ. ಯೆಹೋಶುವ 7ರಲ್ಲಿ, ಮುಟ್ಟಬಾರದೆಂದಿದ್ದ ಕೊಳ್ಳೆಯಿಂದ ಕದ್ದ ಆಕಾನ ಸಿಕ್ಕಿಬಿದ್ದ ಮೇಲೆ ಹೇಳಿದ ರೀತಿ ನೋಡಿ: ಬಾಬೆಲಿನ ಒಂದು ಒಳ್ಳೆಯ ನಿಲುವಂಗಿ, 200 ಶೆಕೆಲ್ ಬೆಳ್ಳಿ, 50 ಶೆಕೆಲ್ ತೂಕದ ಒಂದು ಬಂಗಾರದ ಗಟ್ಟಿ, ಕಂಡೆ, ಆಶಿಸಿದೆ, ತೆಗೆದುಕೊಂಡೆ, ಡೇರೆಯ ನೆಲದಲ್ಲಿ ಹೂತಿಟ್ಟೆ. ವಸ್ತು, ತೂಕ, ಬಚ್ಚಿಟ್ಟ ಜಾಗ, ಎಲ್ಲ ಬಾಯಿಬಿಟ್ಟ. ಅವನು ಹೇಳಿದ್ದು ತಡವಾಗಿ. ನಿಮಗೆ ಇನ್ನೂ ಹೊತ್ತು ಮೀರಿಲ್ಲ. ಹಾಗೇ ವಸ್ತು, ಮೊತ್ತ, ತಿಂಗಳು ಹೆಸರಿಸಿ ಪ್ರಾರ್ಥಿಸಿ.

ಎರಡನೆಯ ಕಾರಣ ಇನ್ನೂ ಆಳದ್ದು. ಹಲ್ಲು ಕಚ್ಚಿ 'ಇನ್ನು ಆಶಿಸುವುದಿಲ್ಲ' ಅಂತ ನಿರ್ಧರಿಸಿದರೆ ಆಶೆ ಹೆಚ್ಚುತ್ತದೆ. ರೋಮಾಪುರದವರಿಗೆ ಬರೆದ ಪತ್ರದ 7ನೇ ಅಧ್ಯಾಯದಲ್ಲಿ ಪೌಲ ಇದಕ್ಕೆ ಉದಾಹರಣೆಯಾಗಿ ಹತ್ತು ಆಜ್ಞೆಗಳಲ್ಲಿ ಆರಿಸಿಕೊಂಡದ್ದೇ 'ಆಶಿಸಬಾರದು' ಅನ್ನುವುದನ್ನು. ಹಾಗಾದರೆ ದಾರಿ? ಇಬ್ರಿಯ 13:5 ನೋಡಿ. ದ್ರವ್ಯಾಶೆ ಬಿಡಿ, ಇದ್ದುದರಲ್ಲಿ ತೃಪ್ತರಾಗಿರಿ ಅಂದ ಮೇಲೆ ಅಲ್ಲೇ ಕಾರಣವೂ ಇದೆ: ನಿನ್ನನ್ನು ಎಂದಿಗೂ ಕೈಬಿಡುವುದಿಲ್ಲ ಅಂತ ದೇವರು ಹೇಳಿದ್ದಾನೆ. ಭಯದ ಬೇರು ಆ ವಾಗ್ದಾನದಿಂದ ಸಡಿಲವಾಗಬೇಕು, ಆಮೇಲೆ ಕೈ ಸಡಿಲವಾಗುತ್ತದೆ. ಲೂಕ 19ರಲ್ಲಿ ಸುಂಕ ವಸೂಲಿಯ ಜಕ್ಕಾಯನ ಮನೆಯಲ್ಲೂ ಕ್ರಮ ಅದೇ. ಯೇಸು ಮೊದಲು 'ಈ ದಿನ ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು' ಅಂದರು. ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ತೆಗೆದದ್ದಕ್ಕೆ ನಾಲ್ಕರಷ್ಟು ಅನ್ನುವ ಮಾತು ಅವನ ಬಾಯಲ್ಲಿ ಆಮೇಲೆ ಬಂತು. ಕೃಪೆ ಸಂಪಾದಿಸಲೆಂದು ಕೊಡಲು ಹೊರಟರೆ ಒಂದೆರಡು ತಿಂಗಳಲ್ಲಿ ಸುಸ್ತಾಗುತ್ತೀರಿ, ಇಲ್ಲವೇ ಹೆಮ್ಮೆ ಬರುತ್ತದೆ.

ಈಗ ಮಾಡಬೇಕಾದ್ದಕ್ಕೆ ಬರೋಣ. ಮೊದಲು ಟೈಮ್‌ಶೀಟು, ಯಾಕೆಂದರೆ ಅದನ್ನು ಹಾಗೇ ಇಟ್ಟುಕೊಂಡು ಮಿಕ್ಕದ್ದು ಮಾಡಿದರೆ ಮನಸ್ಸಾಕ್ಷಿ ಪ್ರತಿ ಪ್ರಾರ್ಥನೆಯಲ್ಲೂ ಚುಚ್ಚುತ್ತದೆ. ಮೋಶೆಯ ಧರ್ಮಶಾಸ್ತ್ರದಲ್ಲಿ ತಾನಾಗಿ ಒಪ್ಪಿಕೊಂಡವನು ಅಸಲನ್ನೂ ಅದರ ಐದನೇ ಒಂದು ಪಾಲನ್ನೂ ಸೇರಿಸಿ ಹಿಂದಿರುಗಿಸಬೇಕು (ಯಾಜಕಕಾಂಡ 6, ಅರಣ್ಯಕಾಂಡ 5). ಕುರಿ ಕದ್ದು ಕಡಿದವನಿಗೋ ಮಾರಿದವನಿಗೋ ನಾಲ್ಕರಷ್ಟು ದಂಡ. ಜಕ್ಕಾಯ ಕಡಿಮೆ ದರ ಬಿಟ್ಟು ಕಳ್ಳನ ದರವನ್ನೇ ತನಗೆ ಹಾಕಿಕೊಂಡ. ನೀವು ಹೀಗೆ ಮಾಡಿ: ಯಾವ ತಿಂಗಳು ಎಷ್ಟು ಗಂಟೆ ಅಂತ ಒಂದು ಹಾಳೆಯಲ್ಲಿ ಬರೆಯಿರಿ. ಹೆಚ್ಚಿಗೆ ಬರೆದಿದ್ದೇನೆ, ಸಂಬಳದಲ್ಲಿ ಹಿಡಿದುಕೊಳ್ಳಿ ಅಂತ ಮೇಲಿನವರಿಗೆ ತಿಳಿಸಿ. 'ಲೆಕ್ಕ ತಪ್ಪಿತು' ಅಂತ ತೇಲಿಸಬೇಡಿ, ಅದು ಇನ್ನೊಂದು ಸುಳ್ಳು. ಐದನೇ ಒಂದು ಪಾಲನ್ನು ಕಂಪನಿ ತೆಗೆದುಕೊಳ್ಳಲಾರದು, ಅದನ್ನು ಬಡವರಿಗೆ ಕೊಡಿ. ಹಿಂದಿರುಗಿಸಲು ಆ ಮನುಷ್ಯನೂ ಇಲ್ಲ, ಬಂಧುವೂ ಇಲ್ಲ ಅನ್ನುವಾಗ ಅದು ಕರ್ತನಿಗೆ ಸಲ್ಲಬೇಕು ಅಂತ ಅರಣ್ಯಕಾಂಡ 5:8 ಹೇಳುತ್ತದೆ. ಮುಚ್ಚಿಹೋದ ಕಂಪನಿಯ ದುಡ್ಡಿಗೂ ಅದೇ ದಾರಿ. ವೀಸಾ ಆ ಕೆಲಸಕ್ಕೇ ಕಟ್ಟಿದ್ದರೆ, ಮೊತ್ತ ದೊಡ್ಡದಿದ್ದರೆ, ಮೊದಲು ಸಭಾಪಾಲಕರನ್ನೂ ಒಬ್ಬ ವಕೀಲರನ್ನೂ ಕೇಳಿ. ಕೇಳುವುದು ವಿವೇಕ, ಕೇಳುತ್ತಲೇ ವರ್ಷ ಕಳೆಯುವುದು ಆಕಾನನ ಡೇರೆ.

ಎರಡನೆಯದು, ಸಾಕು ಅನ್ನುವುದಕ್ಕೆ ಅಂಕಿ ಬರೆಯುವುದು. ಮೆಥೊಡಿಸ್ಟ್ ಚಳವಳಿಯ ಬೋಧಕ ಜಾನ್ ವೆಸ್ಲಿ ಆಕ್ಸ್‌ಫರ್ಡಿನ ಒಬ್ಬರ ಲೆಕ್ಕ ಕೊಡುತ್ತಾರೆ, ಅದು ಅವರದೇ ಅಂತ ಬಹಳ ಜನರ ಎಣಿಕೆ. ವರ್ಷಕ್ಕೆ 30 ಪೌಂಡ್ ಬಂದಾಗ 28ರಲ್ಲಿ ಬದುಕಿ 2 ಕೊಟ್ಟರು. ಮರುವರ್ಷ 60 ಬಂತು, ಖರ್ಚು 28, ಕೊಟ್ಟದ್ದು 32. ಆಮೇಲೆ 90, 120 ಆದರೂ ಖರ್ಚು 28ರಲ್ಲೇ ನಿಂತಿತು. ಸಂಬಳ ಏರಿದಾಗ ಬದುಕೂ ಏರಲೇಬೇಕು ಅನ್ನುವ ನಿಯಮ ಎಲ್ಲೂ ಇಲ್ಲ. ಮಕ್ಕಳಿದ್ದರೆ ಅಷ್ಟು ಬಿಗಿ ಸಾಧ್ಯವಿಲ್ಲ, ಒಪ್ಪೋಣ. ಆದರೂ ಗಂಡ ಹೆಂಡತಿ ಕೂತು ಮನೆಖರ್ಚಿಗೊಂದು ಮಿತಿ, ಉಳಿತಾಯಕ್ಕೊಂದು ಮಿತಿ ಬರೆಯಿರಿ. ಉಳಿತಾಯದ ಪ್ರತಿ ಮೊತ್ತಕ್ಕೂ ಯಾವುದಕ್ಕೆ ಅಂತ ಹೆಸರಿರಲಿ. ಹೆಸರಿಲ್ಲದೆ ಬೆಳೆಯುತ್ತಿರುವ ಖಾತೆಯೇ ಆ ಹೊಸ ಕಣಜ. ಹೆಂಡತಿಗೆ ಗೊತ್ತಿಲ್ಲದ ಖಾತೆ ಇದ್ದರೆ ಈ ವಾರವೇ ತೋರಿಸಿ.

ಕೊಡುವ ವಿಷಯದಲ್ಲಿ ಹೊಸಬರು ಎಡವುವ ಜಾಗ ಬೇಕಾದಷ್ಟಿದೆ. ಒಂದು ಉಜ್ಜೀವನ ಕೂಟದಲ್ಲಿ ಮನಸ್ಸು ಕರಗಿ ದೊಡ್ಡ ಮೊತ್ತ ಕೊಟ್ಟು, ಮುಂದಿನ ತಿಂಗಳು ಹೊಟ್ಟೆ ಹಿಂಡಿಕೊಳ್ಳುವುದು ಸಾಮಾನ್ಯ. ಪೌಲ 1 ಕೊರಿಂಥ 16:2ರಲ್ಲಿ ಹೇಳಿದ ಕ್ರಮ ತಣ್ಣಗಿದೆ: ವಾರದ ಮೊದಲ ದಿನ, ಒಬ್ಬೊಬ್ಬನೂ, ತನಗೆ ಬಂದ ಆದಾಯಕ್ಕೆ ತಕ್ಕಂತೆ ತೆಗೆದಿಡಲಿ. ಸಂಬಳ ತಿಂಗಳಿಗೆ ಬರುವುದಾದರೆ ಬಂದ ದಿನವೇ ತಾನಾಗಿ ವರ್ಗವಾಗುವಂತೆ ಬ್ಯಾಂಕಿನಲ್ಲಿ ಹಾಕಿಡಿ. ತಿಂಗಳ ಕೊನೆಯಲ್ಲಿ ಉಳಿದದ್ದು ಕೊಡುತ್ತೇನೆ ಅಂದರೆ ಉಳಿಯುವುದಿಲ್ಲ. ದಶಮಾಂಶ ಒಳ್ಳೆಯ ಆರಂಭ. ಬಡ್ಡಿಯ ಸಾಲ ಕುತ್ತಿಗೆಗೆ ಬಂದಿದ್ದರೆ ಚಿಕ್ಕದೊಂದು ಪಾಲು ನಿಗದಿ ಮಾಡಿ, ಸಾಲ ತೀರಿದಂತೆ ಏರಿಸಿ. ಧರ್ಮೋಪದೇಶಕಾಂಡ 14ರ ಪ್ರಕಾರ ಮೂರನೇ ವರ್ಷದ ದಶಮಾಂಶದಲ್ಲಿ ಲೇವಿಯರ ಜೊತೆ ಪರದೇಶಿಗೂ ಅನಾಥನಿಗೂ ವಿಧವೆಗೂ ಪಾಲಿತ್ತು. ನಿಮ್ಮ ನಂತರ ಬಂದು, ಕೆಲಸ ಸಿಗದೆ ಬಾಡಿಗೆಗೆ ಒದ್ದಾಡುವವರು ಆ ಪಟ್ಟಿಯಲ್ಲಿದ್ದಾರೆ.

'ಇಷ್ಟು ಬಿತ್ತಿದರೆ ದೇವರು ನೂರರಷ್ಟು ಕೊಡುತ್ತಾನೆ' ಅಂತ ಕಾಣಿಕೆ ಕೇಳುವ ಬೋಧಕರು ಹೊರದೇಶದಲ್ಲಿ ಹೆಚ್ಚು, ಸಂಬಳ ಇರುವ ಕಡೆ ಅವರೂ ಇರುತ್ತಾರೆ. ಆ ಲೆಕ್ಕದಲ್ಲಿ ಕೊಟ್ಟರೆ ಲೋಭ ಹೋಗುವುದಿಲ್ಲ, ಹೂಡಿಕೆಯಾಗುತ್ತದೆ. ದೇವಭಕ್ತಿಯನ್ನು ಲಾಭದ ದಾರಿ ಮಾಡಿಕೊಂಡವರ ಬಗ್ಗೆ 1 ತಿಮೊಥೆಯ 6:5 ಖಾರವಾಗಿಯೇ ಹೇಳುತ್ತದೆ. ಅಪೊಸ್ತಲರ ಕೃತ್ಯಗಳು 5ರ ದಂಪತಿ ಅನನೀಯ ಸಫೈರರ ತಪ್ಪನ್ನೂ ಸರಿಯಾಗಿ ಓದಿಕೊಳ್ಳಿ: ಹೊಲ ಮಾರಲೇಬೇಕು ಅಂತ ಯಾರೂ ಹೇಳಿರಲಿಲ್ಲ, ಮಾರಿದ ಮೇಲೂ ಹಣ ಅವರ ಕೈಯಲ್ಲೇ ಇತ್ತು ಅಂತ ಪೇತ್ರನೇ ಹೇಳುತ್ತಾನೆ. ಸ್ವಲ್ಪ ಇಟ್ಟುಕೊಂಡು ಪೂರ್ತಿ ಕೊಟ್ಟೆವು ಅಂದದ್ದು ತಪ್ಪು. ಇನ್ನೊಂದು ಜಾಗ, ದೇವರಿಗೆ ಕೊಟ್ಟೆ ಅನ್ನುವ ನೆಪದಲ್ಲಿ ತಂದೆತಾಯಿಗೆ ಕಳಿಸುವುದನ್ನು ನಿಲ್ಲಿಸುವುದು. ಮಾರ್ಕ 7ರಲ್ಲಿ 'ಕೊರ್ಬಾನ್', ಅಂದರೆ ದೇವರಿಗೆ ಮೀಸಲು, ಅಂತ ತಪ್ಪಿಸಿಕೊಂಡವರನ್ನು ಯೇಸು ಗದರಿದ್ದು ಇದಕ್ಕೇ. ಮನೆಗೆ ಕಳಿಸುವ ದುಡ್ಡು ಲೋಭವೂ ಅಲ್ಲ, ಅದನ್ನು ಕಾಣಿಕೆಯ ಲೆಕ್ಕಕ್ಕೆ ಸೇರಿಸಿ ಕೈ ತೊಳೆದುಕೊಳ್ಳುವುದೂ ಸರಿಯಲ್ಲ.

ಹೊಟ್ಟೆಕಿಚ್ಚು, ತಾತ್ಸಾರ, ಸಿಡುಕು ಇವು ದುಡ್ಡಿನ ಹಿಂದೆಯೇ ಬರುತ್ತವೆ. ಇವಕ್ಕೆ ಎಫೆಸ 4ರ ರೀತಿ ಕೆಲಸ ಮಾಡುತ್ತದೆ: ಒಂದನ್ನು ತೆಗೆದರೆ ಅದೇ ಜಾಗದಲ್ಲಿ ಇನ್ನೊಂದನ್ನು ಇಡಬೇಕು. ಕದಿಯುವವನು ಕದಿಯುವುದನ್ನು ಬಿಟ್ಟರೆ ಸಾಲದು, ದುಡಿದು ಕೊರತೆಯಲ್ಲಿರುವವನಿಗೆ ಕೊಡಬೇಕು ಅನ್ನುತ್ತದೆ 28ನೇ ವಚನ. ಹಾಗಾಗಿ ಮನೆ ಕೊಂಡ ಗೆಳೆಯರ ಹೆಸರು ಹಿಡಿದು ದಿನಾ ಆಶೀರ್ವಾದ ಕೇಳಿ, ಸಾಮಾನು ಸಾಗಿಸುವ ದಿನ ಹೋಗಿ ಪೆಟ್ಟಿಗೆ ಹೊರಿ. ಮನಸ್ಸು ಒಪ್ಪುವ ತನಕ ಕಾಯಬೇಡಿ. ಬೆನ್ನು ಬಗ್ಗಿದ ಮೇಲೆ ಮನಸ್ಸು ನಿಧಾನಕ್ಕೆ ಬರುತ್ತದೆ. ಜೊತೆಗೆ ಆಕಾನನ 'ಕಂಡೆ' ಅನ್ನುವ ಹಂತದಲ್ಲೇ ಕತ್ತರಿಸಿ: ಮನೆ, ಕಾರು ತೋರಿಸುವ ಆ್ಯಪ್‌ಗಳನ್ನು ಫೋನಿನಿಂದ ತೆಗೆಯಿರಿ, ಸ್ಟೇಟಸ್ ನೋಡುವುದನ್ನು ಕೆಲವರದ್ದಾದರೂ ನಿಲ್ಲಿಸಿ, ಪ್ರತಿಯೊಂದು ಬೆಲೆಯನ್ನೂ ರೂಪಾಯಿಗೆ ಗುಣಿಸುವ ಚಟ ಬಿಡಿ. ಆ ಗುಣಾಕಾರ ಒಂದು ದಿನ ಜಿಪುಣನನ್ನಾಗಿ ಮಾಡುತ್ತದೆ, ಇನ್ನೊಂದು ದಿನ ದೊಡ್ಡ ಸಾಹುಕಾರ ಅನ್ನುವ ಭ್ರಮೆಗೆ ತಳ್ಳುತ್ತದೆ.

ದಿನದ ಪರಿಶೀಲನೆಗೆ 16ನೇ ಶತಮಾನದಲ್ಲಿ ಕಥೋಲಿಕ ಸಂತ ಇಗ್ನೇಷಿಯಸ್ ಲೊಯೊಲ ಹಾಕಿಕೊಟ್ಟ ಕ್ರಮ ಯಾವ ಸಭೆಯವರಿಗೂ ಆಗುತ್ತದೆ. ಒಂದೇ ಒಂದು ದೋಷ ಆರಿಸಿ. ಬೆಳಿಗ್ಗೆ ಏಳುತ್ತಲೇ ಅದನ್ನು ನೆನೆದು ಕೃಪೆ ಬೇಡಿ. ಮಧ್ಯಾಹ್ನ ಊಟವಾದ ಮೇಲೆ ಅದುವರೆಗಿನ ಗಂಟೆಗಳನ್ನು ಒಂದೊಂದಾಗಿ ನೋಡಿ, ಬಿದ್ದ ಸಲಕ್ಕೊಂದು ಚುಕ್ಕೆ ಗೆರೆಯ ಮೇಲೆ ಇಡಿ. ರಾತ್ರಿ ಇನ್ನೊಂದು ಗೆರೆ. ಮಧ್ಯಾಹ್ನದ ಗೆರೆಯನ್ನು ರಾತ್ರಿಯದರ ಜೊತೆ, ಇಂದನ್ನು ನಿನ್ನೆಯ ಜೊತೆ, ಈ ವಾರವನ್ನು ಹೋದ ವಾರದ ಜೊತೆ ಹೋಲಿಸಿ. ಮೊದಲ ವಾರದಲ್ಲಿ ಚುಕ್ಕೆ ಹೆಚ್ಚುತ್ತದೆ, ಕಣ್ಣಿಗೆ ಬೀಳುತ್ತಿದೆ ಅಂತ ಅರ್ಥ, ಹೆದರಬೇಡಿ. ಎಲ್ಲ ದೋಷವನ್ನೂ ಒಟ್ಟಿಗೆ ಹಿಡಿಯಲು ಹೋದವರು ನಾಲ್ಕೇ ದಿನದಲ್ಲಿ ಬಿಡುತ್ತಾರೆ.

ಇದನ್ನು ಒಬ್ಬರೇ ಮಾಡಬೇಡಿ. ಯಾಕೋಬ 5:16 ಒಬ್ಬರಿಗೊಬ್ಬರು ಅರಿಕೆ ಮಾಡಿ ಅನ್ನುತ್ತದೆ. ನೀವು ಕಥೋಲಿಕರಾದರೆ ಪಾಪನಿವೇದನೆ ಇದೆ. ಅಲ್ಲದಿದ್ದರೆ ಸಭೆಯಲ್ಲಿ ಒಬ್ಬ ಹಿರಿಯರನ್ನು ಆರಿಸಿ: ನಿಮ್ಮ ಜೊತೆ ಕೊಡುಕೊಳ್ಳುವ ವ್ಯವಹಾರ ಇಲ್ಲದವರು, ನಿಮ್ಮ ಆಫೀಸಿನವರಲ್ಲದವರು, ಬಾಯಿ ಭದ್ರ ಇರುವವರು. ತಿಂಗಳಿಗೊಮ್ಮೆ ಅರ್ಧ ಗಂಟೆ, ಸಂಬಳದ ಚೀಟಿ ಮತ್ತು ಬ್ಯಾಂಕಿನ ಹಾಳೆ ಮುಂದಿಟ್ಟುಕೊಂಡು. 'ಹೇಗಿದ್ದೀರಿ' ಅಂದರೆ 'ಸ್ತೋತ್ರ, ಚೆನ್ನಾಗಿದ್ದೇನೆ' ಅಂತ ಬರುತ್ತದೆ. ಹಾಳೆ ಹಾಗೆ ಹೇಳುವುದಿಲ್ಲ. ಯೆರೂಸಲೇಮಿನ ಬಡವರ ಕಾಣಿಕೆ ಒಯ್ಯುವಾಗ ಪೌಲನಂಥವನೇ ತನ್ನ ಮೇಲೆ ತಪ್ಪು ಬರಬಾರದೆಂದು ಬೇರೆಯವರನ್ನು ಜೊತೆಗೆ ಇಟ್ಟುಕೊಂಡ (2 ಕೊರಿಂಥ 8:20).

ಮನೆ ಕೊಳ್ಳುವುದೇ ಪಾಪವಾ ಅನ್ನುವ ಅನುಮಾನ ನಿಮ್ಮ ಮಾತಿನಲ್ಲಿ ಇಣುಕುತ್ತಿದೆ. ಅಲ್ಲ. 1 ತಿಮೊಥೆಯ 6:17 ಐಶ್ವರ್ಯವಂತರಿಗೆ ಎಲ್ಲ ಮಾರಿಬಿಡಿ ಅನ್ನುವುದಿಲ್ಲ. ಅಹಂಕಾರ ಬೇಡ, ಅಸ್ಥಿರವಾದ ಐಶ್ವರ್ಯದ ಮೇಲೆ ನಿರೀಕ್ಷೆ ಬೇಡ, ದೇವರು ಅನುಭವಿಸಲೆಂದೇ ಹೇರಳವಾಗಿ ಕೊಡುತ್ತಾನೆ ಅನ್ನುತ್ತದೆ. ಕಂತು ಕಟ್ಟಿಯೂ ಕೊಡುವ ಪಾಲು ಕಡಿಮೆಯಾಗದಿದ್ದರೆ, ಕಂತಿಗಾಗಿಯೇ ಓವರ್‌ಟೈಮಿನ ಗುಲಾಮರಾಗದಿದ್ದರೆ ಕೊಳ್ಳಿ.

ಭಾನುವಾರದ ಪಾಳಿ ಬಗ್ಗೆ. ಆಸ್ಪತ್ರೆ, ಸಾರಿಗೆಯಂಥ ಕೆಲಸದಲ್ಲಿ ಪಾಳಿ ತಪ್ಪುವುದಿಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ನೀವಾಗಿಯೇ ಹೆಸರು ಕೊಟ್ಟು ತೆಗೆದುಕೊಳ್ಳುವ ಪಾಳಿ ಬೇರೆ. ವಿಮೋಚನಕಾಂಡ 16ರಲ್ಲಿ ಅರಣ್ಯದಲ್ಲಿ ದೇವರು ಕೊಟ್ಟ ಆಹಾರ ಮನ್ನ ದಿನಕ್ಕೆ ತಲೆಗೊಂದು ಓಮೆರ್ ಅಳತೆ, ಆರನೇ ದಿನ ಎರಡು. ಬೇರೆ ದಿನ ನಾಳೆಗೆಂದು ಇಟ್ಟದ್ದು ಹುಳ ಬಿದ್ದು ನಾರಿತು, ವಿಶ್ರಾಂತಿಯ ದಿನವಾದ ಸಬ್ಬತ್ತಿಗೆ ಇಟ್ಟದ್ದು ಕೆಡಲಿಲ್ಲ. ಮುಂದಿನ ಎಂಟು ಭಾನುವಾರಗಳಿಗೆ ಓವರ್‌ಟೈಮ್ ಪಟ್ಟಿಯಲ್ಲಿ ಹೆಸರು ಬರೆಸಬೇಡಿ. ಅಷ್ಟರಲ್ಲಿ ಯಾವ ಬಿಲ್ಲು ಕಟ್ಟಲು ಆಗಲಿಲ್ಲ ಅಂತ ಬರೆದಿಟ್ಟುಕೊಂಡು ನಿಮ್ಮ ಹಿರಿಯರ ಮುಂದೆ ಇಡಿ. ಕಟ್ಟಲಾಗದ ಬಿಲ್ಲು ನಿಜವಾಗಿ ಇದ್ದರೆ ಅದು ಖರ್ಚಿನ ಮಿತಿಯಲ್ಲಿ ಸರಿಪಡಿಸುವ ಸಂಗತಿ, ಅವರೇ ದಾರಿ ಹೇಳುತ್ತಾರೆ.