ಇಬ್ಬರು ಮಕ್ಕಳಿಗೆ ಒಂದೇ ಅಳತೆ ಬೇಡ

ಪ್ರಶ್ನೆ: ನಾವು ರೇಷ್ಮೆ ಬೆಳೆಯುವವರು. ನನಗೆ ಇಬ್ಬರು ಹೆಣ್ಣುಮಕ್ಕಳು. ಐದು ವರ್ಷದ ದೊಡ್ಡವಳು ಮೊದಲಿನಿಂದಲೂ ಅಂಜುಬುರುಕಿ. ಹೊಸಬರು ಬಂದರೆ ನನ್ನ ಸೆರಗು ಹಿಡಿದು ನಿಲ್ಲುತ್ತಾಳೆ, ಶಾಲೆಯಲ್ಲಿ ಹಾಜರಿ ಕೂಗಿದರೂ ಬಾಯಿ ಬಿಡುವುದಿಲ್ಲವಂತೆ. ಮೂರು ವರ್ಷದ ಚಿಕ್ಕವಳು ಇದಕ್ಕೆ ತದ್ವಿರುದ್ಧ. ಹೆದರಿಕೆಯೆಂಬುದೇ ಇಲ್ಲ, ಕೇಳಿದ್ದು ಸಿಗದಿದ್ದರೆ ಬೀದಿಗೆಲ್ಲ ಕೇಳುವಂತೆ ಅಳುತ್ತಾಳೆ. ಇಬ್ಬರನ್ನೂ ಒಂದೇ ರೀತಿ ಸಾಕಿದ್ದೇನೆ. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂದು ಅತ್ತೆಯವರು ಹೇಳಿದರೆ, ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ, ಈಗಲೇ ತಿದ್ದಿ’ ಎಂದು ಶಾಲೆಯ ಮೇಡಂ ಹೇಳುತ್ತಾರೆ. ಯಾರ ಮಾತು ಕೇಳಲಿ?
– ಹೆಸರು ಬೇಡ, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ಇಬ್ಬರ ಮಾತಿನಲ್ಲೂ ಸತ್ಯವಿದೆ. ಆದರೆ ತೊಡಕು ಇರುವುದು ‘ಇಬ್ಬರನ್ನೂ ಒಂದೇ ರೀತಿ ಸಾಕಿದ್ದೇನೆ’ ಎಂಬ ನಿಮ್ಮ ಮಾತಿನಲ್ಲಿ.

ಮಗುವಿನ ಸ್ವಭಾವಕ್ಕೆಲ್ಲ ತಾಯಿಯ ಸಾಕಣೆಯೇ ಹೊಣೆಯೆಂದು ಬಹುಪಾಲು ಮನೋವೈದ್ಯರು ನಂಬಿದ್ದ ಕಾಲದಲ್ಲಿ, 1956ರಲ್ಲಿ, ನ್ಯೂಯಾರ್ಕಿನ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ಎಂಬ ವೈದ್ಯ ದಂಪತಿ 130ಕ್ಕೂ ಹೆಚ್ಚು ಮಕ್ಕಳನ್ನು ಎಳವೆಯಿಂದ ಗಮನಿಸಲು ಆರಂಭಿಸಿ, ಅವರು ದೊಡ್ಡವರಾಗುವವರೆಗೂ ಆ ಕೆಲಸವನ್ನು ಮುಂದುವರಿಸಿದರು. ನಿದ್ದೆ ಮತ್ತು ಹಸಿವಿನ ಕ್ರಮ, ಅಳುವಿನ ತೀವ್ರತೆ, ಹೊಸದನ್ನು ಕಂಡಾಗ ಮುಂದೆ ಬರುವುದು ಅಥವಾ ಹಿಂಜರಿಯುವುದು, ಇವೆಲ್ಲ ಮೊದಲ ಕೆಲವು ತಿಂಗಳಲ್ಲೇ ಒಂದೊಂದು ಮಗುವಿನಲ್ಲಿ ಒಂದೊಂದು ಬಗೆಯಾಗಿರುವುದನ್ನು ಅವರು ಕಂಡರು. ಸುಮಾರು 40 ಶೇಕಡಾ ಮಕ್ಕಳು ಸುಲಭವಾಗಿ ಹೊಂದಿಕೊಳ್ಳುವವರು, 10 ಶೇಕಡಾ ಸಂಭಾಳಿಸಲು ಕಷ್ಟವಾದವರು, 15 ಶೇಕಡಾ ನಿಧಾನವಾಗಿ ಒಗ್ಗಿಕೊಳ್ಳುವವರು. ಉಳಿದವರು ಯಾವ ಗುಂಪಿಗೂ ಸೇರಲಿಲ್ಲ. ನಿಮ್ಮ ದೊಡ್ಡ ಮಗಳು ಮೂರನೆಯ ಗುಂಪಿನವಳಂತೆ ಕಾಣುತ್ತಾಳೆ. ಮುಂದೆ ತೊಂದರೆಗೆ ಸಿಕ್ಕಿದವರು ಇಂಥ ಗುಂಪಿನವರೇ ಎಂದೇನೂ ಇರಲಿಲ್ಲ; ಮಗುವಿನ ಸ್ವಭಾವಕ್ಕೂ ಮನೆ ಮತ್ತು ಶಾಲೆ ಅದರಿಂದ ನಿರೀಕ್ಷಿಸುವುದಕ್ಕೂ ಹೊಂದಿಕೆಯಾಗದಿದ್ದ ಕಡೆ ತೊಂದರೆ ಹುಟ್ಟುತ್ತಿತ್ತು. ಆ ದಂಪತಿ ಕಂಡುಕೊಂಡದ್ದರಲ್ಲಿ ನಾನು ಅತ್ಯಂತ ಬೆಲೆಯುಳ್ಳದ್ದೆಂದು ಭಾವಿಸುವುದು ಇದನ್ನೇ. ಚಾಕಿ ಹುಳುವಿಗೆ (ಎಳೆಯ ರೇಷ್ಮೆಹುಳುವಿಗೆ) ಬೇಕಾದ ಶಾಖ ಮತ್ತು ತೇವವನ್ನು ದೊಡ್ಡ ಹುಳುವಿಗೂ ಕೊಟ್ಟರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಹಾಗಾದರೆ ಅಂಜಿಕೆ ಜನ್ಮಕ್ಕೆ ಅಂಟಿದ್ದೇ? ಹಾರ್ವರ್ಡ್ ವಿಶ್ವವಿದ್ಯಾಲಯದ ಜೆರೋಮ್ ಕೇಗನ್ ಅವರು ನಾಲ್ಕು ತಿಂಗಳ ಶಿಶುಗಳಿಗೆ ತೂಗಾಡುವ ಆಟಿಕೆ, ಹೊಸ ವಾಸನೆ, ಅಪರಿಚಿತ ದನಿ ಇವುಗಳ ಪರಿಚಯ ಮಾಡಿಸಿದಾಗ, ಐವರಲ್ಲಿ ಒಬ್ಬರಷ್ಟು ಶಿಶುಗಳು ಕೈಕಾಲು ಬಡಿದು ಅತ್ತವು. ಅವುಗಳಲ್ಲಿ ಹಲವು ಎರಡನೆಯ ವರ್ಷದಲ್ಲಿ ಹೊಸಬರಿಗೆ ಅಂಜುವ ಮಕ್ಕಳಾದವು. ಆದರೆ ಮುಂದಿನ ವರ್ಷಗಳಲ್ಲೂ ತೀರಾ ಅಂಜುತ್ತಲೇ ಉಳಿದವರು ಕಡಿಮೆ. ಹಾಗೆಯೇ ಅವರಲ್ಲಿ ಎಲ್ಲರೊಡನೆ ಸಲೀಸಾಗಿ ಬೆರೆಯುವ ಧೈರ್ಯಸ್ಥರಾದವರೂ ಕಡಿಮೆಯೇ. ಸ್ವಭಾವವು ಮಗು ಮುಂದೆ ಏನಾಗುತ್ತದೆಂದು ಬರೆದಿಡುವುದಿಲ್ಲ, ಏನಾಗುವುದು ಕಷ್ಟವೆಂಬುದನ್ನು ಮಾತ್ರ ಸ್ವಲ್ಪಮಟ್ಟಿಗೆ ಸೂಚಿಸುತ್ತದೆ. ನಿಮ್ಮ ಮಗಳು ಸಭೆಯಲ್ಲಿ ಎದ್ದು ಮಾತನಾಡುವವಳು ಆಗದೇ ಇರಬಹುದು, ಆದರೆ ಕೇಳಿದ್ದಕ್ಕೆ ನೆಮ್ಮದಿಯಿಂದ ಉತ್ತರಿಸುವ ಹುಡುಗಿ ಖಂಡಿತ ಆಗಬಲ್ಲಳು.

ಹಾಜರಿಯ ಹೊತ್ತನ್ನೇ ನೋಡಿ. ಹೆಸರು ಕೂಗಿದ ಮೇಲೆ ಉತ್ತರ ಬರುವುದಿಲ್ಲ, ಮೇಡಂ ತಲೆಯೆತ್ತಿ ನೋಡುತ್ತಾರೆ, ತರಗತಿಯೆಲ್ಲ ತಿರುಗುತ್ತದೆ, ‘ಬಾಯಿಲ್ಲವೇನೇ?’ ಎಂಬ ಮಾತು ಎಲ್ಲಿಂದಲೋ ಬರುತ್ತದೆ. ಮರುದಿನ ಆ ಕ್ಷಣ ಇನ್ನಷ್ಟು ದೊಡ್ಡದಾಗಿರುತ್ತದೆ. ಕೆಲವು ವಾರ ಅವಳು ಕೈಯೆತ್ತಿದರೆ ಸಾಕೆಂದೂ, ಆಮೇಲೆ ಪಕ್ಕದ ಗೆಳತಿಯ ಜೊತೆ ಸೇರಿ ಹೇಳಲೆಂದೂ, ಕೊನೆಗೆ ಒಬ್ಬಳೇ ಮೆಲ್ಲಗೆ ಹೇಳಲೆಂದೂ ಮೇಡಂ ಅವರನ್ನು ಕೇಳಿಕೊಳ್ಳಿ. ಮನೆಗೆ ನೆಂಟರು ಬಂದಾಗ ಎಲ್ಲರೆದುರು ‘ನಮಸ್ತೆ ಹೇಳು’ ಎಂದು ದೂಡಬೇಡಿ. ‘ಅವಳು ಮಾತಾಡಲ್ಲ’ ಎಂದು ಅವಳ ಪರವಾಗಿ ಹೇಳಿಬಿಡಲೂ ಬೇಡಿ, ಏಕೆಂದರೆ ಅತಿಯಾಗಿ ಕಾಪಾಡುವ ಮನೆಗಳಲ್ಲಿ ಅಂಜಿಕೆ ಹೆಚ್ಚು ಕಾಲ ಉಳಿಯುತ್ತದೆ. ಒಂದು ಲೋಟ ನೀರು ಕೊಟ್ಟು ಬರಲು ಕಳಿಸಿ. ಮನೆಯಲ್ಲಿ ಚೆನ್ನಾಗಿ ಮಾತನಾಡುವ ಮಗು ಶಾಲೆಯಲ್ಲಿ ಒಂದು ತಿಂಗಳಿಗೂ ಮೀರಿ (ಸೇರಿದ ಮೊದಲ ತಿಂಗಳನ್ನು ಬಿಟ್ಟು) ಯಾರೊಡನೆಯೂ ಮಾತನಾಡದಿದ್ದರೆ, ಅದು ಬರೀ ಸಂಕೋಚವಾಗಿರಲಿಕ್ಕಿಲ್ಲ. ಆಗ ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿಗೆ ತೋರಿಸಿ, ಕಿವಿಯನ್ನೂ ಪರೀಕ್ಷೆ ಮಾಡಿಸಿ.

ಚಿಕ್ಕವಳ ವಿಷಯಕ್ಕೆ ಬಂದರೆ, ಅಂಜುವ ಮಗುವಿಗೆ ಮೃದುವಾಗಿ ತಿಳಿಹೇಳಿದರೆ ಸಾಕು, ಹೆದರಿಕೆಯಿಲ್ಲದ ಮಗುವಿಗೆ ಗದರಿಕೆಯಿಂದ ಹೆಚ್ಚೇನೂ ನಾಟುವುದಿಲ್ಲ ಎಂಬುದನ್ನು ಮಕ್ಕಳ ಬೆಳವಣಿಗೆಯನ್ನು ಅಧ್ಯಯನ ಮಾಡುವ ಮನೋವಿಜ್ಞಾನಿ ಗ್ರಾಜಿನಾ ಕೊಚಾನ್ಸ್ಕಾ ಅವರ ಸಂಶೋಧನೆಗಳು ತೋರಿಸಿವೆ. ಇಂಥ ಮಗು ಒಳ್ಳೆಯದು ಕೆಟ್ಟದ್ದನ್ನು ಕಲಿಯುವುದು ಮುಖ್ಯವಾಗಿ ಅಮ್ಮನೊಡನೆ ಇರುವ ಸಲಿಗೆಯಿಂದ. ನೀವು ಇಬ್ಬರಿಗೂ ಒಂದೇ ದನಿಯಲ್ಲಿ ಗದರಿದಾಗ ದೊಡ್ಡವಳಿಗೆ ಅದು ಅತಿಯಾಗುತ್ತದೆ, ಚಿಕ್ಕವಳಿಗೆ ಕೇಳಿಸುವುದೇ ಇಲ್ಲ. ಅತ್ತಾಗ ಕೇಳಿದ್ದನ್ನು ಕೊಡಬೇಡಿ. ಅಳು ನಿಂತ ಮೇಲೆ ಹತ್ತಿರ ಕೂರಿಸಿಕೊಳ್ಳಿ. ಸೊಪ್ಪು ತರುವಾಗ ಅವಳ ಕೈಗೂ ಒಂದು ಪುಟ್ಟ ಹೊರೆ ಕೊಡಿ.

ಇನ್ನೊಂದು ಮಾತು. ಚೀನಾದ ಶಾಂಘೈಯಲ್ಲಿ 1990ರಲ್ಲಿ ಅಧ್ಯಯನ ಮಾಡಿದಾಗ ಸಂಕೋಚದ ಮಕ್ಕಳೆಂದರೆ ಗೆಳೆಯರಿಗೂ ಶಿಕ್ಷಕರಿಗೂ ಮೆಚ್ಚುಗೆಯಿತ್ತು. 2002ರ ಹೊತ್ತಿಗೆ ಅಂಥ ಮಕ್ಕಳನ್ನು ಸಹಪಾಠಿಗಳು ದೂರವಿಡತೊಡಗಿದ್ದರು. ಅಷ್ಟರಲ್ಲಿ ಬದಲಾದದ್ದು ನಗರದ ನಿರೀಕ್ಷೆ, ಮಕ್ಕಳ ಹುಟ್ಟುಗುಣವಲ್ಲ. ನಮ್ಮ ಹಳ್ಳಿಗಳಲ್ಲೂ ‘ಗಲಾಟೆಯಿಲ್ಲದ ಮಗು’ ಎಂಬುದು ಹೊಗಳಿಕೆಯಾಗಿತ್ತು. ಈಗ ವೇದಿಕೆ ಹತ್ತದ ಮಗುವನ್ನು ಕೊರತೆಯುಳ್ಳದ್ದೆಂದು ಕಾಣುವುದು ಅನ್ಯಾಯವೆಂದು ನಾನು ತಿಳಿಯುತ್ತೇನೆ.

ಪ್ರಶ್ನೆ: ನನಗೆ 38 ವರ್ಷ, ಅಂಗಡಿ ಇಟ್ಟಿದ್ದೇನೆ. ಚಿಕ್ಕಂದಿನಿಂದಲೂ ಮುಂಗೋಪಿ. ನನ್ನ ಮಗನೂ ಹಾಗೆಯೇ ಆಗುತ್ತಿದ್ದಾನೆ. ಈ ವಯಸ್ಸಿನಲ್ಲಿ ಬದಲಾಗಲು ಸಾಧ್ಯವೇ?
– ಓದುಗ, ತುಮಕೂರು

ಉತ್ತರ: ಸಾಧ್ಯವಿದೆ, ಆದರೆ ಏನು ಬದಲಾಗುತ್ತದೆಂದು ತಿಳಿದಿರಬೇಕು. ನ್ಯೂಜಿಲೆಂಡಿನ ಡನಿಡಿನ್‌ನಲ್ಲಿ 1972–73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಇಂದಿಗೂ ಅಧ್ಯಯನ ಮಾಡುತ್ತಿದ್ದಾರೆ. ಮೂರನೆಯ ವಯಸ್ಸಿನಲ್ಲಿ ತಡೆತವಿಲ್ಲದೆ ದುಡುಕುತ್ತಿದ್ದವರಲ್ಲಿ, 26ನೆಯ ವಯಸ್ಸಿನಲ್ಲೂ ಬೇಗ ಕೆರಳುವ ಗುಣ ಉಳಿದವರ ಪ್ರಮಾಣ ಇತರರಿಗಿಂತ ಹೆಚ್ಚಾಗಿತ್ತು. ಆದರೆ ಈ ನಂಟು ಸಾಧಾರಣವಾದದ್ದು, ಪ್ರತಿಯೊಬ್ಬರಿಗೂ ಅನ್ವಯಿಸುವಂಥದ್ದಲ್ಲ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ, ಜನರ ನಡುವಿನ ವ್ಯಕ್ತಿತ್ವದ ವ್ಯತ್ಯಾಸದಲ್ಲಿ ಸುಮಾರು ಅರ್ಧ ಪಾಲು ಮಾತ್ರ ವಂಶವಾಹಿಗಳದು; ಸರಾಸರಿಯಾಗಿ ಜನರು 20ರಿಂದ 40ರ ವಯಸ್ಸಿನ ನಡುವೆ ಹೆಚ್ಚು ಸಮಾಧಾನಿಗಳೂ ಹೊಣೆಗಾರರೂ ಆಗುತ್ತಾರೆ.

ಸಿಟ್ಟು ಭುಗಿಲೇಳುವ ವೇಗ ಬಹುಶಃ ನಿಮ್ಮಲ್ಲಿ ಉಳಿದೇ ಇರುತ್ತದೆ. ಅದು ಎದ್ದಾಗ ಏನು ಮಾಡುತ್ತೀರಿ ಎಂಬುದು ಕಲಿಯುವ ವಿಷಯ. ನಿದ್ದೆಗೆಟ್ಟ ದಿನ, ಊಟ ತಪ್ಪಿದ ಹೊತ್ತು, ಸಂಜೆ ಲೆಕ್ಕ ತಾಳೆಯಾಗದ ಗಳಿಗೆ, ಹೀಗೆ ಸಿಟ್ಟು ಯಾವಾಗ ಏಳುತ್ತದೆಂದು ಕೆಲವು ವಾರ ಗುರುತು ಹಾಕಿಕೊಳ್ಳಿ. ಅಂಥ ಹೊತ್ತಿನಲ್ಲಿ ಮನೆಯ ಮಾತುಕತೆಯನ್ನು ಮುಂದೂಡಿ. ಮಗನ ವಿಷಯದಲ್ಲಿ ನಿಮಗೆ ಇತರರಿಗಿಲ್ಲದ ಅನುಕೂಲವೊಂದಿದೆ: ಅವನ ಒಳಗೆ ಏನಾಗುತ್ತಿದೆಯೆಂದು ನಿಮಗೆ ಗೊತ್ತು. ತನ್ನನ್ನು ತಡೆದುಕೊಳ್ಳುವ ಶಕ್ತಿ ಎರಡರಿಂದ ಏಳು ವರ್ಷದೊಳಗೆ ವೇಗವಾಗಿ ಬೆಳೆಯುತ್ತದೆ, ಯೌವನದವರೆಗೂ ಬಲಿಯುತ್ತಲೇ ಇರುತ್ತದೆ. ಅವನು ಕೂಗಾಡಿದಾಗ ನೀವು ದನಿ ಏರಿಸಿದರೆ ಎರಡು ಸಿಟ್ಟುಗಳು ಒಂದನ್ನೊಂದು ಕೆರಳಿಸುತ್ತವೆ. ಆಗ ಎದ್ದು ಹೊರಗೆ ಹೋಗಿ, ತಣ್ಣಗಾದ ಮೇಲೆ ಬಂದು ಅವನೊಡನೆ ಮಾತನಾಡಿ. ಸಿಟ್ಟಿನಲ್ಲಿ ಹೆಂಡತಿಯ ಅಥವಾ ಮಗನ ಮೇಲೆ ಕೈ ಮಾಡುವ ಮಟ್ಟಕ್ಕೆ ಹೋಗುತ್ತಿದ್ದರೆ ತಡಮಾಡದೆ ಮನೋವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲಿಯೇ ಮಾತನಾಡಬಹುದು, ಅದಕ್ಕೆ ಶುಲ್ಕವಿಲ್ಲ.